ಕ್ಯಾನ್ವಾಸ್ ಮೇಲೆ ಆಕ್ರಿಲಿಕ್ ಹೂ ಚಿತ್ರಣ

ಕ್ಯಾನ್ವಾಸ್ ಮೇಲೆ ಆಕ್ರಿಲಿಕ್ ಹೂ ಚಿತ್ರಣವು ನೀರಿನಲ್ಲಿ ಬೆರೆಯುವ ಆಕ್ರಿಲಿಕ್ ಬಣ್ಣಗಳಿಂದ, ಲೇಪನ ನೀಡಿ ಸಿದ್ಧಪಡಿಸಿದ ಹತ್ತಿ ಅಥವಾ ನಾರಗಸೆ ಬಟ್ಟೆಯ ಮೇಲೆ ಹೂವುಗಳನ್ನು ಚಿತ್ರಿಸುವ ಕಲಾಭ್ಯಾಸವಾಗಿದೆ. ಬಣ್ಣವು ಬೇಗ ಒಣಗುವುದು, ತಪ್ಪಿದ ಭಾಗದ ಮೇಲೆ ಮತ್ತೊಂದು ಪದರ ಹಚ್ಚಿ ತಿದ್ದಬಹುದಾದುದು, ಟರ್ಪೆಂಟೈನ್‌ನಂತಹ ದ್ರಾವಕಗಳ ಅಗತ್ಯವಿಲ್ಲದಿರುವುದು - ಈ ಕಾರಣಗಳಿಂದ ಹೊಸದಾಗಿ ಕಲಿಯುವವರು ಇದನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ. ಈ ಲೇಖನವು ಮಾಧ್ಯಮದ ಸ್ವರೂಪ, ಇತಿಹಾಸ, ಸಾಮಗ್ರಿ ಮತ್ತು ವಿಧಾನಗಳನ್ನು ವಿವರಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಒಣಹವೆ ಹಾಗೂ ಅಲ್ಲಿನ ಹೂವುಗಳನ್ನು ನಿದರ್ಶನವಾಗಿ ಬಳಸಿಕೊಳ್ಳಲಾಗಿದೆ.

ಮಾಧ್ಯಮದ ಸ್ವರೂಪ

ಆಕ್ರಿಲಿಕ್ ಬಣ್ಣದಲ್ಲಿ ಮೂರು ಮುಖ್ಯ ಘಟಕಗಳಿವೆ: ವರ್ಣದ್ರವ್ಯ, ಬಂಧಕವಾಗಿರುವ ಆಕ್ರಿಲಿಕ್ ಪಾಲಿಮರ್ ಹಾಗೂ ನೀರು. ಪಾಲಿಮರಿನ ಅತಿಸೂಕ್ಷ್ಮ ಕಣಗಳು ನೀರಿನಲ್ಲಿ ಹಾಲಿನಂತೆ ತೇಲಿಕೊಂಡಿರುತ್ತವೆ. ಬಣ್ಣ ಹಚ್ಚಿದ ನಂತರ ನೀರು ಆವಿಯಾದಂತೆ ಈ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಬೆಸೆದು, ವರ್ಣದ್ರವ್ಯವನ್ನು ಹಿಡಿದಿಡುವ ಅಖಂಡ ಪೊರೆಯಾಗುತ್ತವೆ. ಒಮ್ಮೆ ಒಣಗಿದ ಪೊರೆಯು ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಜಲವರ್ಣದಲ್ಲಿ ಒಣಗಿದ ಬಣ್ಣವನ್ನು ಒದ್ದೆ ಕುಂಚದಿಂದ ಮತ್ತೆ ಎಬ್ಬಿಸಬಹುದು; ಆಕ್ರಿಲಿಕ್‌ನಲ್ಲಿ ಅದು ಸಾಧ್ಯವಿಲ್ಲ. ಆದುದರಿಂದಲೇ ಕೆಳಗಿನ ಪದರವನ್ನು ಕದಡದೆ ಪದರದ ಮೇಲೆ ಪದರ ಹಚ್ಚುವುದು ಈ ಮಾಧ್ಯಮದಲ್ಲಿ ಸುಲಭ.

ಹಸಿಯಾಗಿರುವಾಗ ಬಂಧಕವು ಬೆಳ್ಳಗಿದ್ದು, ಒಣಗಿದಾಗ ಪಾರದರ್ಶಕವಾಗುತ್ತದೆ. ಇದರ ಪರಿಣಾಮವಾಗಿ ಬಣ್ಣವು ಒಣಗಿದ ಮೇಲೆ ತುಸು ಗಾಢವಾಗಿ ಕಾಣುತ್ತದೆ. ಹಿಂದಿನ ದಿನ ಬರೆದ ಎಸಳಿಗೆ ಹೊಂದುವ ಬಣ್ಣವನ್ನು ಬೆರೆಸುವಾಗ ಈ ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ. ಬೆರೆಸಿದ ಬಣ್ಣವನ್ನು ಕಾಗದದ ಚೂರಿನ ಮೇಲೆ ಹಚ್ಚಿ ಒಣಗಿಸಿ ನೋಡುವುದು ರೂಢಿಯಲ್ಲಿರುವ ಪರೀಕ್ಷೆ.

ತೈಲವರ್ಣದ ಒಣಗುವಿಕೆ ಬೇರೆ ಬಗೆಯದು. ಅದರ ಬಂಧಕವಾದ ಅಗಸೆ ಎಣ್ಣೆಯು ಗಾಳಿಯಲ್ಲಿನ ಆಮ್ಲಜನಕದೊಡನೆ ವರ್ತಿಸಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಎಲ್ಲ ಎಣ್ಣೆಗಳಿಗೂ ಈ ಗುಣವಿಲ್ಲ. ಎಣ್ಣೆ ಗಿರಣಿಗಳಿಂದಾಗಿ ‘ಎಣ್ಣೆ ನಗರಿ’ ಎಂದು ಹೆಸರಾದ ಚಳ್ಳಕೆರೆಯ ಶೇಂಗಾ ಎಣ್ಣೆಯು ಒಣಗದ ಎಣ್ಣೆಗಳ ಗುಂಪಿಗೆ ಸೇರಿದ್ದು, ಚಿತ್ರಕಲೆಯಲ್ಲಿ ಬಂಧಕವಾಗಿ ಉಪಯೋಗಕ್ಕೆ ಬಾರದು. ಒಣಗಿದ ಆಕ್ರಿಲಿಕ್ ಪದರದ ಮೇಲೆ ತೈಲವರ್ಣವನ್ನು ಹಚ್ಚಬಹುದು; ತೈಲವರ್ಣದ ಮೇಲೆ ಆಕ್ರಿಲಿಕ್ ಹಚ್ಚಿದರೆ ಅದು ಸರಿಯಾಗಿ ಅಂಟದೆ ಕಾಲಕ್ರಮದಲ್ಲಿ ಸುಲಿಯುತ್ತದೆ.

ಇತಿಹಾಸ

ಆಕ್ರಿಲಿಕ್ ರಾಳಗಳ ಅಧ್ಯಯನವು ಜರ್ಮನಿಯಲ್ಲಿ 20ನೆಯ ಶತಮಾನದ ಆರಂಭದಲ್ಲಿ ರಸಾಯನಶಾಸ್ತ್ರಜ್ಞ ಆಟೊ ರೋಮ್ ಅವರ ಸಂಶೋಧನೆಯೊಂದಿಗೆ ಮುನ್ನಡೆಯಿತು. 1930ರ ದಶಕದಲ್ಲಿ ಮೆಕ್ಸಿಕೋದ ಭಿತ್ತಿಚಿತ್ರಕಾರ ಡೇವಿಡ್ ಆಲ್ಫಾರೊ ಸಿಕೇರೋಸ್ ಕೈಗಾರಿಕಾ ಬಣ್ಣಗಳನ್ನು ಕಲೆಯಲ್ಲಿ ಪ್ರಯೋಗಿಸಿದರು. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಲೆನಾರ್ಡ್ ಬೊಕೂರ್ ಮತ್ತು ಸ್ಯಾಮ್ ಗೋಲ್ಡನ್ ಅವರು ದ್ರಾವಕದಲ್ಲಿ ಕರಗುವ ಆಕ್ರಿಲಿಕ್ ಬಣ್ಣವನ್ನು ತಯಾರಿಸಿದರು. ನೀರಿನಲ್ಲಿ ಬೆರೆಯುವ ಕಲಾವಿದರ ಆಕ್ರಿಲಿಕ್ ಬಣ್ಣವು ‘ಲಿಕ್ವಿಟೆಕ್ಸ್’ ಎಂಬ ಹೆಸರಿನಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಮಾರುಕಟ್ಟೆಗೆ ಬಂದಿತು. ತೈಲವರ್ಣಕ್ಕೆ ಶತಮಾನಗಳ ಪರಂಪರೆಯಿದ್ದರೆ, ಈ ಮಾಧ್ಯಮಕ್ಕೆ ಇನ್ನೂ ನೂರು ವರ್ಷಗಳು ತುಂಬಿಲ್ಲ.

ಹೂವನ್ನು ವಸ್ತುವಾಗಿ ಹೊಂದಿದ ಪ್ರಸಿದ್ಧ ಆಕ್ರಿಲಿಕ್ ಕೃತಿಗಳಲ್ಲಿ ಅಮೆರಿಕದ ಆಂಡಿ ವಾರ್ಹೋಲ್ ಅವರ 1964ರ ‘ಫ್ಲವರ್ಸ್’ ಸರಣಿಯು ಒಂದು. ಕ್ಯಾನ್ವಾಸ್ ಮೇಲೆ ಆಕ್ರಿಲಿಕ್ ಹಾಗೂ ಪರದೆ ಮುದ್ರಣದ ಶಾಯಿಯಿಂದ ರಚಿತವಾದ ಈ ಸರಣಿಗೆ ಛಾಯಾಗ್ರಾಹಕಿ ಪೆಟ್ರೀಷಿಯಾ ಕಾಲ್‌ಫೀಲ್ಡ್ ಅವರ ದಾಸವಾಳದ ಚಿತ್ರವು ಆಧಾರವಾಗಿತ್ತು. ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ ಅವರು 1966ರಲ್ಲಿ ಮೊಕದ್ದಮೆ ಹೂಡಿದರು. ವಿವಾದವು ರಾಜಿಯಲ್ಲಿ ಬಗೆಹರಿಯಿತು.

ಕರ್ನಾಟಕದಲ್ಲಿ ಹೂಬಿಡುವ ಮರಗಳನ್ನು ಪ್ರಧಾನ ವಸ್ತುವಾಗಿಸಿಕೊಂಡ ಕಲಾವಿದರಲ್ಲಿ ರುಮಾಲೆ ಚೆನ್ನಬಸವಯ್ಯ (1910-1988) ಪ್ರಮುಖರು. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ಅವರು ಬೆಂಗಳೂರಿನ ಬೀದಿ ಮತ್ತು ಉದ್ಯಾನಗಳ ಗುಲ್‌ಮೊಹರ್ ಮೊದಲಾದ ಮರಗಳನ್ನು ಜಲವರ್ಣ ಮತ್ತು ತೈಲವರ್ಣಗಳಲ್ಲಿ ಚಿತ್ರಿಸಿದರು. ಅವರ ಮಾಧ್ಯಮ ಆಕ್ರಿಲಿಕ್ ಅಲ್ಲದಿದ್ದರೂ, ಸ್ಥಳದಲ್ಲಿಯೇ ನಿಂತು ಕಣ್ಣೆದುರಿನ ಹೂವಿನ ರಾಶಿಯನ್ನು ಬೆಳಕಿನೊಂದಿಗೆ ಗ್ರಹಿಸುವ ಕ್ರಮವನ್ನು ಅವರ ಕೃತಿಗಳಿಂದ ಕಲಿಯಬಹುದು.

ಸಾಮಗ್ರಿಗಳು

ಕ್ಯಾನ್ವಾಸ್: ಮರದ ಚೌಕಟ್ಟಿಗೆ ಬಿಗಿದ ಹತ್ತಿಯ ಕ್ಯಾನ್ವಾಸ್ ಅಥವಾ ರಟ್ಟಿಗೆ ಅಂಟಿಸಿದ ಕ್ಯಾನ್ವಾಸ್ ಹಲಗೆ ಕಲಿಕೆಗೆ ಸಾಕಾಗುತ್ತದೆ. 10×12 ಅಥವಾ 12×16 ಅಂಗುಲದ ಅಳತೆಯು ಆರಂಭಿಕರಿಗೆ ಅನುಕೂಲಕರ. ಲೇಪನವಿಲ್ಲದ ಬಟ್ಟೆಯು ಬಣ್ಣವನ್ನು ಹೀರಿಕೊಳ್ಳುವುದರಿಂದ ಅದಕ್ಕೆ ಗೆಸ್ಸೊ ಎಂಬ ಬಿಳಿಯ ಲೇಪವನ್ನು ಎರಡು ಅಥವಾ ಮೂರು ಬಾರಿ ಹಚ್ಚಲಾಗುತ್ತದೆ. ಸೀಮೆಸುಣ್ಣದ ಪುಡಿ ಹಾಗೂ ಟೈಟೇನಿಯಂ ಬಿಳಿಯನ್ನು ಆಕ್ರಿಲಿಕ್ ಬಂಧಕದಲ್ಲಿ ಬೆರೆಸಿದ ಈ ಲೇಪವು ಒಣಗಿದ ಮೇಲೆ ನಯವಾದ ಉಜ್ಜುಕಾಗದದಿಂದ ಹಗುರವಾಗಿ ತಿಕ್ಕಿದರೆ ಎಸಳಿನ ಸೂಕ್ಷ್ಮ ಅಂಚುಗಳು ಸ್ಪಷ್ಟವಾಗಿ ಮೂಡುತ್ತವೆ.

ಕುಂಚ: ನೈಲಾನ್ ಮೊದಲಾದ ಕೃತಕ ಕೂದಲಿನ ಕುಂಚಗಳು ಈ ಬಣ್ಣಕ್ಕೆ ಸೂಕ್ತ. ಹಿನ್ನೆಲೆಗೆ ಅಗಲವಾದ ಚಪ್ಪಟೆ ಕುಂಚ, ಎಸಳುಗಳಿಗೆ ತುದಿ ದುಂಡಾದ ಚಪ್ಪಟೆ ಕುಂಚ, ಮೊಗ್ಗು ಮತ್ತು ಎಲೆಗಳಿಗೆ ದುಂಡು ಕುಂಚ, ಕೇಸರ ಹಾಗೂ ನರಗಳಿಗೆ ಉದ್ದ ಕೂದಲಿನ ಸಣ್ಣ ಕುಂಚ - ಈ ನಾಲ್ಕು ಸಾಕು. ಕುಂಚದ ಬುಡದಲ್ಲಿ ಒಣಗಿದ ಬಣ್ಣವನ್ನು ತೆಗೆಯುವುದು ಬಹಳ ಕಷ್ಟವಾದುದರಿಂದ, ಕೆಲಸದ ನಡುವೆ ಕುಂಚವನ್ನು ಒದ್ದೆಯಾಗಿಡಬೇಕು. ಆದರೆ ಕೂದಲಿನ ತುದಿ ಬಾಗುವಂತೆ ನೀರಿನ ಪಾತ್ರೆಯಲ್ಲಿ ನಿಲ್ಲಿಸಿಡಬಾರದು.

ಬಣ್ಣ: ಮೊದಲ ಹಂತದಲ್ಲಿ ಏಳೆಂಟು ಬಣ್ಣಗಳು ಸಾಕಾಗುತ್ತವೆ. ಟೈಟೇನಿಯಂ ಬಿಳಿ, ನಿಂಬೆ ಹಳದಿ, ಬೆಚ್ಚನೆಯ ಹಳದಿ, ಹಳದಿ ಓಕರ್, ಕಿತ್ತಳೆಗೆ ವಾಲುವ ಕೆಂಪು, ನೇರಳೆಗೆ ವಾಲುವ ಮಜೆಂತಾ, ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಅಂಬರ್ ಕಂದು ಇವುಗಳಿಂದ ಬಹುತೇಕ ಹೂವುಗಳ ಬಣ್ಣವನ್ನು ಬೆರೆಸಿಕೊಳ್ಳಬಹುದು. ಅಲ್ಟ್ರಾಮರೀನ್ ನೀಲಿಗೆ ಮಜೆಂತಾ ಬೆರೆಸಿದರೆ ಶುದ್ಧ ನೇರಳೆ ದೊರೆಯುತ್ತದೆ. ಕಿತ್ತಳೆಗೆ ವಾಲುವ ಕೆಂಪನ್ನು ಬೆರೆಸಿದರೆ ಮಂಕು ಕಂದು ಮಿಶ್ರಿತ ನೇರಳೆಯಾಗುತ್ತದೆ; ಆ ಕೆಂಪಿನಲ್ಲಿ ಅಡಗಿರುವ ಹಳದಿಯು ನೇರಳೆಯ ವಿರುದ್ಧ ಬಣ್ಣವಾಗಿರುವುದೇ ಇದಕ್ಕೆ ಕಾರಣ.

ಕೊಳವೆಯ ಮೇಲೆ ಮುದ್ರಿತವಾದ ವರ್ಣದ್ರವ್ಯದ ಸಂಕೇತ ಹಾಗೂ ಬೆಳಕನ್ನು ತಾಳುವ ಗುಣದ ಸೂಚನೆಯನ್ನು ಓದುವುದು ಉಪಯುಕ್ತ. ಬೆಳಕಿಗೆ ಮಾಸುವ ಗುಲಾಬಿ ಹಾಗೂ ನೇರಳೆಗಳಿಂದ ಬರೆದ ಹೂವು ಕೆಲವೇ ವರ್ಷಗಳಲ್ಲಿ ಬಿಳಿಚಿಕೊಳ್ಳಬಹುದು. ಕರಕುಶಲ ಕೆಲಸಗಳಿಗೆಂದು ಮಾರುವ ಅಗ್ಗದ ಬಣ್ಣಗಳಲ್ಲಿ ಸಾಮಾನ್ಯವಾಗಿ ವರ್ಣದ್ರವ್ಯದ ಪ್ರಮಾಣ ಕಡಿಮೆಯಿರುತ್ತದೆ. ಅಭ್ಯಾಸಕ್ಕೆ ಅವು ಸಾಕು, ಉಳಿಸಿಕೊಳ್ಳಬೇಕಾದ ಚಿತ್ರಕ್ಕೆ ಸಾಲವು.

ಒಣಹವೆಯಲ್ಲಿ ಕೆಲಸ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆನೆರಳಿನ ಪ್ರದೇಶದಲ್ಲಿದ್ದು, ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಭಾಗಗಳಲ್ಲಿ ಸೇರಿವೆ. ಬೇಸಿಗೆಯ ಬಿಸಿಲು ಹಾಗೂ ಮುಂಗಾರಿನ ತಿಂಗಳುಗಳ ಬಿರುಗಾಳಿ ಎರಡೂ ಆಕ್ರಿಲಿಕ್ ಬಣ್ಣವನ್ನು ಬೇಗ ಒಣಗಿಸುತ್ತವೆ. ಕರಾವಳಿಯ ಮಳೆಗಾಲದಲ್ಲಿ ಅರ್ಧ ಗಂಟೆ ಹಸಿಯಾಗಿರುವ ತೆಳುಪದರವು ಇಲ್ಲಿ ಕೆಲವೇ ನಿಮಿಷಗಳಲ್ಲಿ ಒಣಗಿಬಿಡಬಹುದು. ಎಸಳಿನ ಮೇಲೆ ಎರಡು ಬಣ್ಣಗಳನ್ನು ಒಂದರೊಳಗೊಂದು ಕರಗಿಸಲು ಕಲಿಯುವವರಿಗೆ ಇದು ದೊಡ್ಡ ತೊಡಕು. ತೇವಾಂಶವುಳ್ಳ ಊರುಗಳಲ್ಲಿ ತಯಾರಾದ ಪಾಠಗಳನ್ನು ಯಥಾವತ್ತಾಗಿ ಅನುಸರಿಸಿದರೆ ಬಣ್ಣವು ಗೆರೆಗೆರೆಯಾಗಿ ನಿಲ್ಲುತ್ತದೆ. ಕಲಿಯುವವರು ಅದನ್ನು ತಮ್ಮ ಕೈಯ ದೋಷವೆಂದು ಭಾವಿಸುವುದುಂಟು.

ಇದಕ್ಕೆ ಹಲವು ಪರಿಹಾರಗಳಿವೆ. ಅಂಚುಳ್ಳ ತಟ್ಟೆಯಲ್ಲಿ ಒದ್ದೆ ಬಟ್ಟೆಯನ್ನು ಹಾಸಿ, ಅದರ ಮೇಲೆ ಬೆಣ್ಣೆಕಾಗದವನ್ನಿಟ್ಟು ಬಣ್ಣ ಹಾಕಿಕೊಂಡರೆ, ಕೆಳಗಿನ ತೇವದಿಂದ ಬಣ್ಣವು ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಮುಚ್ಚಳ ಮುಚ್ಚಿದರೆ ಮರುದಿನಕ್ಕೂ ಉಳಿಯುತ್ತದೆ. ಕ್ಯಾನ್ವಾಸಿನ ಮೇಲೆ ಆಗಾಗ ನೀರಿನ ಹನಿಮಂಜನ್ನು ಸಿಂಪಡಿಸುವುದು, ಒಣಗುವಿಕೆಯನ್ನು ನಿಧಾನಿಸುವ ದ್ರವವನ್ನು ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಬೆರೆಸುವುದು, ಬೀಸಣಿಗೆ ಮತ್ತು ಕಿಟಕಿಯ ಗಾಳಿಯಿಂದ ದೂರ ಕೂರುವುದು, ಬೆಳಗಿನ ತಂಪಿನಲ್ಲಿ ಕೆಲಸ ಮಾಡುವುದು ಇತರ ಉಪಾಯಗಳು. ಇಡೀ ಹೂವಿಗೆ ಒಮ್ಮೆಲೇ ಬಣ್ಣ ಹಚ್ಚದೆ ಒಂದೊಂದೇ ಎಸಳನ್ನು ಮುಗಿಸುತ್ತ ಹೋಗುವುದು ಎಲ್ಲಕ್ಕಿಂತ ಫಲಕಾರಿ.

ಬಣ್ಣವನ್ನು ತೆಳುವಾಗಿಸಲು ನೀರನ್ನು ಮಿತಿಮೀರಿ ಸೇರಿಸಿದರೆ ಬಂಧಕವು ದುರ್ಬಲವಾಗಿ, ಪೊರೆಯು ಸರಿಯಾಗಿ ಅಂಟುವುದಿಲ್ಲ. ಬಹಳ ತೆಳುವಾದ ಪದರ ಬೇಕಾದಾಗ ನೀರಿನ ಬದಲು ವರ್ಣದ್ರವ್ಯವಿಲ್ಲದ ಆಕ್ರಿಲಿಕ್ ಮಾಧ್ಯಮದ್ರವವನ್ನು ಬಳಸುವುದು ಸೂಕ್ತ. ಬೇಗ ಒಣಗುವ ಗುಣವು ಅನುಕೂಲವೂ ಹೌದು: ತೆಳುಪದರಗಳ ಕೆಲಸದಲ್ಲಿ ಒಂದೇ ಕೂರಿಕೆಯಲ್ಲಿ ನಾಲ್ಕೈದು ಪದರಗಳನ್ನು ಹಚ್ಚಿ ಮುಗಿಸಬಹುದು.

ಹೂವಿನ ಅವಲೋಕನ

ಹೂವನ್ನು ಬರೆಯುವ ಮೊದಲು ಅದರ ರಚನೆಯನ್ನು ತಿಳಿಯುವುದು ಅಗತ್ಯ. ಎಸಳುಗಳ ಸಂಖ್ಯೆ, ಅವು ಒಂದರ ಮೇಲೊಂದು ಮಡಚಿಕೊಂಡಿರುವ ಕ್ರಮ, ಕೇಸರಗಳ ಸ್ಥಾನ, ತೊಟ್ಟು ಹೂವನ್ನು ಹಿಡಿದಿರುವ ಕೋನ ಇವುಗಳನ್ನು ಪೆನ್ಸಿಲಿನಲ್ಲಿ ಹಲವು ಬಾರಿ ಬರೆದು ನೋಡಬೇಕು. ಹೂವನ್ನು ಒಂದು ಸರಳ ಘನಾಕೃತಿಯಾಗಿ - ಬಟ್ಟಲು, ತಟ್ಟೆ, ಗಂಟೆ, ಚೆಂಡು - ಮೊದಲು ಕಲ್ಪಿಸಿಕೊಂಡರೆ ನೆರಳು-ಬೆಳಕಿನ ಹಂಚಿಕೆ ಸುಲಭವಾಗುತ್ತದೆ. ಓರೆಯಾಗಿ ನೋಡಿದಾಗ ವೃತ್ತಾಕಾರದ ಹೂವು ಅಂಡಾಕಾರವಾಗಿ ಕಾಣುತ್ತದೆ. ಹತ್ತಿರದ ಎಸಳು ಗಿಡ್ಡವಾಗಿಯೂ ಪಕ್ಕದವು ಉದ್ದವಾಗಿಯೂ ತೋರುತ್ತವೆ. ಎಲ್ಲ ಎಸಳುಗಳನ್ನೂ ಒಂದೇ ಅಳತೆಯಲ್ಲಿ ಬರೆಯುವುದು ಆರಂಭಿಕರ ಸಾಮಾನ್ಯ ದೋಷ.

ಈ ಸೀಮೆಯಲ್ಲಿ ಅಭ್ಯಾಸಕ್ಕೆ ದೊರೆಯುವ ಹೂವುಗಳು ಅನೇಕ. ಬಯಲಿನಲ್ಲಿ ತಂಗಡಿ ಮತ್ತು ಎಕ್ಕ, ಯುಗಾದಿಯ ಸುಮಾರಿಗೆ ಹೊಂಗೆ ಮತ್ತು ಬೇವು, ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಮುತ್ತುಗ, ಹೊಲಗಳಲ್ಲಿ ಸೂರ್ಯಕಾಂತಿ ಮತ್ತು ಶೇಂಗಾ, ತೋಟಗಳಲ್ಲಿ ದಾಳಿಂಬೆ, ಸೇವಂತಿಗೆ, ಕನಕಾಂಬರ, ಚೆಂಡುಹೂ ಕಾಣಸಿಗುತ್ತವೆ. ಗುಲಾಬಿಯ ಸುತ್ತುಸುತ್ತಾದ ಎಸಳುಗಳಿಗಿಂತ ಐದು ಬಿಡಿ ಎಸಳುಗಳ ತಂಗಡಿಯಿಂದ ಕಲಿಕೆಯನ್ನು ಆರಂಭಿಸುವುದು ಸುಲಭ. ಸೇವಂತಿಗೆ ಮತ್ತು ಚೆಂಡುಹೂಗಳಲ್ಲಿ ನಾವು ಹೂವೆಂದು ಕರೆಯುವುದು ಅನೇಕ ಪುಟ್ಟ ಹೂಗಳ ಗೊಂಚಲಾಗಿರುವುದರಿಂದ, ಅವುಗಳಲ್ಲಿ ಬಿಡಿ ಎಸಳಿಗಿಂತ ಇಡೀ ಚೆಂಡಿನ ನೆರಳು-ಬೆಳಕನ್ನು ಮೊದಲು ಮೂಡಿಸಬೇಕು.

ಚಿತ್ರಣದ ಹಂತಗಳು: ತಂಗಡಿ ಹೂವಿನ ನಿದರ್ಶನ

ತಂಗಡಿ ಅಥವಾ ಆವರಿಕೆಯು ಒಣ ಬಯಲಿನ ಪೊದೆ. ಇದರ ಸಸ್ಯಶಾಸ್ತ್ರೀಯ ಹೆಸರು ಸೆನ್ನಾ ಆರಿಕ್ಯುಲೇಟಾ. ಹೂವಿನಲ್ಲಿ ಅಂಚು ಸುಕ್ಕುಗಟ್ಟಿದ ಐದು ಹಳದಿ ಎಸಳುಗಳೂ ಅಸಮಾನ ಅಳತೆಯ ಹತ್ತು ಕೇಸರಗಳೂ ಇರುತ್ತವೆ. ಎಲೆಯು ಜೋಡಿಜೋಡಿ ಕಿರುಎಲೆಗಳಿಂದ ಕೂಡಿರುತ್ತದೆ.

1. ವಿನ್ಯಾಸ: ಕ್ಯಾನ್ವಾಸಿನ ನಟ್ಟನಡುವೆ ಒಂದೇ ಹೂವನ್ನಿಡದೆ, ಅರಳಿದ ಎರಡು-ಮೂರು ಹೂ, ಕೆಲವು ಮೊಗ್ಗು, ಒಂದು ಬಾಗಿದ ಕಡ್ಡಿ ಇರುವಂತೆ ಮಧ್ಯದಿಂದ ತುಸು ಸರಿಸಿ ರೂಪಿಸಬೇಕು. ಪೆನ್ಸಿಲಿನ ಗೆರೆ ಹಗುರವಾಗಿರಲಿ. ಹಳದಿಯು ಪಾರದರ್ಶಕವಾದುದರಿಂದ ಕಪ್ಪು ಗೆರೆ ಅದರಡಿಯಿಂದ ಇಣುಕುತ್ತದೆ.

2. ಹಿನ್ನೆಲೆ: ಹಳದಿಯ ವಿರುದ್ಧ ಬಣ್ಣ ನೇರಳೆ. ಅಲ್ಟ್ರಾಮರೀನ್ ನೀಲಿ, ಸ್ವಲ್ಪ ಮಜೆಂತಾ ಹಾಗೂ ಕಂದು ಬೆರೆಸಿದ ಮಂದ ನೀಲಿನೇರಳೆಯ ಹಿನ್ನೆಲೆಯು ಹೂವನ್ನು ಮುಂದಕ್ಕೆ ತರುತ್ತದೆ. ಹಿನ್ನೆಲೆಯನ್ನು ಮೊದಲೇ ಹಚ್ಚಿ, ಎಸಳಿನ ಅಂಚುಗಳನ್ನು ಅದರ ಮೇಲೆ ತರುವುದು ಉತ್ತಮ. ಹೂ ಮುಗಿದ ಮೇಲೆ ಅದರ ಸುತ್ತ ಹಿನ್ನೆಲೆ ತುಂಬಿದರೆ ಹೂವು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

3. ತಳಪದರ: ಗಾಢ ಹಿನ್ನೆಲೆಯ ಮೇಲೆ ನೇರವಾಗಿ ಹಳದಿ ಹಚ್ಚಿದರೆ ಅದು ಮಂಕಾಗುತ್ತದೆ. ಆದುದರಿಂದ ಎಸಳುಗಳ ಆಕಾರವನ್ನು ಮೊದಲು ಬಿಳಿಗೆ ಸ್ವಲ್ಪ ಓಕರ್ ಸೇರಿಸಿದ ಅಪಾರದರ್ಶಕ ಬಣ್ಣದಿಂದ ತುಂಬಿ ಒಣಗಲು ಬಿಡಬೇಕು.

4. ನೆರಳು: ಎಸಳುಗಳು ಸೇರುವ ಬುಡ ಮತ್ತು ಒಂದರಡಿಯಲ್ಲಿ ಮತ್ತೊಂದು ಸೇರುವ ಭಾಗಗಳಿಗೆ ಓಕರ್ ಹಾಗೂ ಎಳ್ಳಷ್ಟು ನೇರಳೆಯ ಮಿಶ್ರಣವನ್ನು ಹಚ್ಚಬೇಕು. ಹಳದಿಗೆ ಕಪ್ಪು ಬೆರೆಸಿದರೆ ಅದು ನೆರಳಾಗುವ ಬದಲು ಹಸಿರಾಗುತ್ತದೆ.

5. ಮಧ್ಯಮ ಬಣ್ಣ: ಬೆಚ್ಚನೆಯ ಹಳದಿಯನ್ನು ಬುಡದಿಂದ ಅಂಚಿನೆಡೆಗೆ, ಎಸಳು ಬೆಳೆದ ದಿಕ್ಕಿನಲ್ಲಿಯೇ ಎಳೆಯಬೇಕು. ಕುಂಚದ ಗುರುತುಗಳೇ ಎಸಳಿನ ನರಗಳಂತೆ ತೋರುತ್ತವೆ. ಅಂಚು ಸುಕ್ಕಾಗಿರುವಲ್ಲಿ ಕುಂಚವನ್ನು ಕೊಂಚ ಅಲುಗಿಸಿ ಎತ್ತಬೇಕು.

6. ಬೆಳಕು: ನಿಂಬೆ ಹಳದಿಗೆ ಬಿಳಿ ಬೆರೆಸಿ, ಬೆಳಕು ಬೀಳುವ ಕಡೆಯ ಅಂಚುಗಳಿಗೆ ಮಾತ್ರ ದಪ್ಪವಾಗಿ ಇಡಬೇಕು. ಬೆಳಕಿನ ದಿಕ್ಕು ಎಲ್ಲ ಹೂಗಳಲ್ಲಿಯೂ ಒಂದೇ ಆಗಿರಬೇಕು.

7. ಕೇಸರ, ಎಲೆ, ಕಡ್ಡಿ: ಕೇಸರಗಳನ್ನು ಸಣ್ಣ ಕುಂಚದಿಂದ ಕಂದು ಮಿಶ್ರಿತ ಹಳದಿಯಲ್ಲಿ ಬಾಗಿಸಿ ಬರೆಯಬೇಕು. ಎಲೆಗಳಿಗೆ ಕೊಳವೆಯ ಹಸಿರನ್ನು ಹಾಗೆಯೇ ಬಳಸದೆ ಅಲ್ಟ್ರಾಮರೀನ್ ನೀಲಿ ಹಾಗೂ ಹಳದಿಯನ್ನು ಬೆರೆಸಿದರೆ, ಒಣನೆಲದ ಗಿಡಗಳ ಧೂಳುಹಿಡಿದ ಮಂದ ಹಸಿರು ದೊರೆಯುತ್ತದೆ. ದೂರದ ಎಲೆಗಳನ್ನು ಹಿನ್ನೆಲೆಯ ಬಣ್ಣಕ್ಕೆ ಸಮೀಪವಾಗಿಟ್ಟು ಅಂಚುಗಳನ್ನು ಮಸುಕಾಗಿಸಬೇಕು.

ಇತರ ಬಣ್ಣದ ಹೂವುಗಳು

ಬಿಳಿ ಹೂವು ಚಿತ್ರದಲ್ಲಿ ಪೂರ್ತಿ ಬಿಳಿಯಾಗಿರುವುದಿಲ್ಲ. ಮಲ್ಲಿಗೆಯ ಹೆಚ್ಚಿನ ಭಾಗವು ತಿಳಿ ಬೂದು, ತಿಳಿ ನೀಲಿ ಅಥವಾ ಸುತ್ತಲಿನ ಎಲೆಯ ಪ್ರತಿಫಲನದಿಂದ ತಿಳಿ ಹಸಿರಾಗಿರುತ್ತದೆ. ಶುದ್ಧ ಬಿಳಿಯು ಬೆಳಕು ನೇರವಾಗಿ ಬಿದ್ದ ಕೆಲವೇ ಕಡೆಗಳಲ್ಲಿರುತ್ತದೆ. ಕೆಂಪು ದಾಸವಾಳಕ್ಕೆ ಬೆಳಕು ತೋರಿಸಲು ಬಿಳಿ ಬೆರೆಸಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಿತ್ತಳೆ ಅಥವಾ ಹಳದಿ ಬೆರೆಸಿದರೆ ಕೆಂಪಿನ ಕಾವು ಉಳಿಯುತ್ತದೆ. ಅದರ ನೆರಳಿಗೆ ಮಜೆಂತಾ ಮತ್ತು ನೀಲಿಯ ಮಿಶ್ರಣ ಹೊಂದುತ್ತದೆ. ಎಕ್ಕದ ತಿಳಿನೇರಳೆಗೆ ಮಜೆಂತಾ, ಅಲ್ಟ್ರಾಮರೀನ್ ಮತ್ತು ಹೆಚ್ಚಿನ ಬಿಳಿ ಬೇಕು. ಅದರ ನಡುವಿನ ಕಿರೀಟದಂತಹ ಐದು ಮೂಲೆಯ ಭಾಗವನ್ನು ಎಸಳುಗಳಿಗಿಂತ ಮೊದಲೇ ಗುರುತಿಸಿಕೊಳ್ಳಬೇಕು.

ನೇಯ್ದ ಹೂವು ಮತ್ತು ಬರೆದ ಹೂವು

ಮೊಳಕಾಲ್ಮೂರು ರೇಷ್ಮೆ ಸೀರೆಗಳಿಗೆ ಪ್ರಸಿದ್ಧವಾಗಿದ್ದು, ಅಲ್ಲಿನ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಸೀರೆಯ ಒಡಲಿನ ಬುಟ್ಟಾಗಳಲ್ಲಿ ಹಾಗೂ ಸೆರಗಿನಲ್ಲಿ ಹೂ, ಹಣ್ಣು, ಪ್ರಾಣಿ-ಪಕ್ಷಿಗಳ ಆಕೃತಿಗಳು ಕಂಡುಬರುತ್ತವೆ. ನೇಯ್ಗೆಯಲ್ಲಿ ಹಾಸು ಮತ್ತು ಹೊಕ್ಕು ಎಳೆಗಳು ಕೂಡುವ ಪ್ರತಿ ಬಿಂದುವೂ ಚೌಕಳಿಯ ಒಂದು ಮನೆಯಂತಿರುವುದರಿಂದ, ಎಸಳಿನ ಬಾಗನ್ನು ಮೆಟ್ಟಿಲು ಮೆಟ್ಟಿಲಾಗಿ ಮೂಡಿಸಬೇಕಾಗುತ್ತದೆ. ನೆರಳು-ಬೆಳಕಿನ ಕ್ರಮೇಣ ಬದಲಾವಣೆಗೆ ಅಲ್ಲಿ ಅವಕಾಶ ಕಡಿಮೆ. ಹೀಗಾಗಿ ನೇಯ್ದ ಹೂವು ಆಕಾರದ ಸ್ಪಷ್ಟತೆ ಮತ್ತು ಬಣ್ಣಗಳ ವೈದೃಶ್ಯವನ್ನೇ ನೆಚ್ಚಿಕೊಂಡಿದೆ. ಚಿತ್ರ ಕಲಿಯುವವರಿಗೆ ಇದು ಉಪಯುಕ್ತ ಪಾಠ: ಎಸಳಿನ ನೆರಳುಗಳನ್ನೆಲ್ಲ ತೆಗೆದರೂ ಹೊರ ಆಕಾರದಿಂದಲೇ ಹೂವು ಯಾವುದೆಂದು ಗುರುತಿಸುವಂತಿದ್ದರೆ ರೇಖಾಚಿತ್ರವು ಸರಿಯಾಗಿದೆ ಎಂದರ್ಥ.

ಕಲಿಕೆಯ ಅವಕಾಶಗಳು

ಕರ್ನಾಟಕದಲ್ಲಿ ಚಿತ್ರಕಲೆಯ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳು ನಡೆಯುತ್ತವೆ. ಪದವಿ ಮಟ್ಟದ ಶಿಕ್ಷಣಕ್ಕೆ ನೆರೆಯ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಹಾಗೂ 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರಮುಖ ಕೇಂದ್ರಗಳು. ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಚಿತ್ರಸಂತೆಯಲ್ಲಿ ಹವ್ಯಾಸಿಗಳೂ ವೃತ್ತಿಪರರೂ ರಸ್ತೆಬದಿಯಲ್ಲಿ ತಮ್ಮ ಕೃತಿಗಳನ್ನು ಪ್ರದರ್ಶಿಸಿ ಮಾರುತ್ತಾರೆ.

ಮನೆಯಲ್ಲಿ ಕಲಿಯುವವರು ಅಂತರಜಾಲದ ಛಾಯಾಚಿತ್ರಗಳನ್ನು ನೋಡಿ ಬರೆಯುವುದು ಸಾಮಾನ್ಯ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಛಾಯಾಚಿತ್ರದ ಹಕ್ಕು ಛಾಯಾಗ್ರಾಹಕರ ಜೀವಿತಾವಧಿಯಲ್ಲಿಯೂ ಅವರು ನಿಧನರಾದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೂ ಇರುತ್ತದೆ. ಪ್ರದರ್ಶನ ಅಥವಾ ಮಾರಾಟಕ್ಕೆ ಇಡುವ ಚಿತ್ರವನ್ನು ತಾವೇ ನೋಡಿದ ಹೂವಿನಿಂದ ಅಥವಾ ತಾವೇ ತೆಗೆದ ಛಾಯಾಚಿತ್ರದಿಂದ ರಚಿಸುವುದು ಸುರಕ್ಷಿತ. ಇದರಿಂದ ಕಲಿಕೆಗೂ ಲಾಭವಿದೆ. ಛಾಯಾಚಿತ್ರದ ನೆರಳುಗಳು ಹಲವೊಮ್ಮೆ ಕಪ್ಪಾಗಿಯೂ ಬೆಳಕಿನ ಭಾಗಗಳು ವಿವರವಿಲ್ಲದೆ ಬಿಳಿಯಾಗಿಯೂ ಇರುತ್ತವೆ; ಕಣ್ಣೆದುರಿನ ಹೂವಿನಲ್ಲಿ ಎರಡರೊಳಗೂ ಬಣ್ಣವನ್ನು ಕಾಣಬಹುದು.

ಸುರಕ್ಷತೆ ಮತ್ತು ಪರಿಸರ

ಕ್ಯಾಡ್ಮಿಯಂ ಮತ್ತು ಕೋಬಾಲ್ಟ್ ಹೊಂದಿರುವ ಬಣ್ಣಗಳನ್ನು ಸಿಂಪಡಿಸಬಾರದು, ಒಣಗಿದ ಮೇಲೆ ಉಜ್ಜಬಾರದು. ಅವುಗಳ ಧೂಳು ಉಸಿರಿನೊಡನೆ ದೇಹವನ್ನು ಸೇರಿದರೆ ಹಾನಿಕರ. ಕುಂಚವನ್ನು ಬಾಯಿಯಲ್ಲಿ ಚೂಪಾಗಿಸುವ ಅಭ್ಯಾಸವನ್ನು ಬಿಡಬೇಕು.

ಆಕ್ರಿಲಿಕ್ ಒಂದು ಪ್ಲಾಸ್ಟಿಕ್ ಆಗಿರುವುದರಿಂದ ಕುಂಚ ತೊಳೆದ ನೀರನ್ನು ಚರಂಡಿ, ಕೆರೆ ಅಥವಾ ಹೂಗಿಡಗಳ ಬುಡಕ್ಕೆ ಚೆಲ್ಲುವುದು ಸರಿಯಲ್ಲ. ತೊಳೆಯುವ ಮೊದಲು ಕುಂಚದ ಬಣ್ಣವನ್ನು ಹಳೆಯ ಬಟ್ಟೆಗೆ ಒರೆಸಿದರೆ ನೀರಿಗೆ ಸೇರುವ ಪ್ರಮಾಣ ಬಹಳ ಕಡಿಮೆಯಾಗುತ್ತದೆ. ಒಂದು ಪಾತ್ರೆಯನ್ನು ಮೊದಲ ತೊಳೆತಕ್ಕೂ ಇನ್ನೊಂದನ್ನು ಶುದ್ಧ ತೊಳೆತಕ್ಕೂ ಇಟ್ಟುಕೊಂಡರೆ ನೀರೂ ಉಳಿಯುತ್ತದೆ. ಬಳಸಿದ ನೀರನ್ನು ಅಗಲವಾದ ಪಾತ್ರೆಯಲ್ಲಿ ಬಿಸಿಲಿಗಿಟ್ಟು ಆವಿಯಾಗಿಸಿ, ತಳದಲ್ಲಿ ಉಳಿದ ಪೊರೆಯನ್ನು ಸುಲಿದು ಘನ ಕಸಕ್ಕೆ ಹಾಕಬಹುದು. ನೀರಿನ ಕೊರತೆಯೂ ಬಿಸಿಲಿನ ಸಮೃದ್ಧಿಯೂ ಇರುವ ಬಯಲುಸೀಮೆಗೆ ಈ ಕ್ರಮ ವಿಶೇಷವಾಗಿ ಹೊಂದುತ್ತದೆ.

ಸಂರಕ್ಷಣೆ

ಮುಟ್ಟಲು ಒಣಗಿದಂತೆ ಕಂಡರೂ ದಪ್ಪ ಪದರಗಳು ಒಳಗೆ ಪೂರ್ತಿ ಗಟ್ಟಿಯಾಗಲು ದಿನಗಳಿಂದ ವಾರಗಳವರೆಗೆ ಬೇಕಾಗುತ್ತದೆ. ಅನಂತರವೇ ರಕ್ಷಣಾ ವಾರ್ನಿಶ್ ಹಚ್ಚಬೇಕು. ಆಕ್ರಿಲಿಕ್ ಪೊರೆಯು ಬಿಸಿಗೆ ಮೆತ್ತಗಾಗುವ ಗುಣ ಹೊಂದಿದೆ. ಬೇಸಿಗೆಯಲ್ಲಿ ಚಿತ್ರಗಳನ್ನು ಮುಖಕ್ಕೆ ಮುಖ ತಾಗಿಸಿ ಜೋಡಿಸಿದರೆ ಅಥವಾ ಪ್ಲಾಸ್ಟಿಕ್ ಹಾಳೆಯಲ್ಲಿ ನೇರವಾಗಿ ಸುತ್ತಿಟ್ಟರೆ ಅವು ಅಂಟಿಕೊಳ್ಳಬಹುದು. ಗಾಳಿಯ ಧೂಳು ಕೂಡ ಮೆತ್ತನೆಯ ಮೇಲ್ಮೈಯನ್ನು ಹಿಡಿದುಕೊಳ್ಳುತ್ತದೆ. ನೇರ ಬಿಸಿಲು ಬೀಳದ ಗೋಡೆಯಲ್ಲಿ ತೂಗುಹಾಕಿ, ಮೃದುವಾದ ಒಣ ಕುಂಚದಿಂದ ಧೂಳು ತೆಗೆಯುವುದು ಸಾಕಾಗುತ್ತದೆ. ಸ್ಪಿರಿಟ್ ಮೊದಲಾದ ಆಲ್ಕೊಹಾಲ್ ದ್ರವಗಳು ಪೊರೆಯನ್ನು ಕರಗಿಸುವುದರಿಂದ ಅವುಗಳಿಂದ ಚಿತ್ರವನ್ನು ಒರೆಸಬಾರದು.